ಒಂಟಿಕೊಪ್ಪಲ್ ಪದಚ್ಛೇದ ಮೀಮಾಂಸೆ

ಟೋಕನ್ ಎಂದರೆ ದರ್ಶಿನಿಯಲ್ಲಿ ದುಡ್ಡು ಕೊಟ್ಟು ಇಡ್ಲಿಗಾಗಿ ಹಿಡಿದು ನಿಲ್ಲುವ ಚೀಟಿ ಎಂಬುದು ಲೌಕಿಕರ ಮತ. ಬರಹವನ್ನು ಕಂಪ್ಯೂಟರು ನುಂಗುವ ಮುನ್ನ ಮಾಡಿಕೊಳ್ಳುವ ತುತ್ತು ಎಂಬುದು ತಂತ್ರಜ್ಞರ ಮತ. ಎರಡರ ಮೂಲವೂ ಹಸಿವೇ ಆದ್ದರಿಂದ ವಿವಾದವಿಲ್ಲ.

ಪ್ರಯೋಗಕ್ಕೆ ಆಯ್ದ ಪದ ಮೈಸೂರಿನ ಬಡಾವಣೆಯ ಹೆಸರಾದ ‘ಒಂಟಿಕೊಪ್ಪಲ್’. ಇಲ್ಲಿ ಒಂಟಿ ಎಂದರೆ ಒಬ್ಬಂಟಿಯೋ, ಗಂಡಸರ ಕಿವಿಯ ಒಂಟಿಯೋ ಎಂಬ ಜಗಳವನ್ನು ಅಲ್ಲಿನ ವೆಂಕಟರಮಣಸ್ವಾಮಿ ಗುಡಿಯ ಜಗಲಿಗೆ ಬಿಡೋಣ. ಶಾಲೆಯ ಮಗು ಇದನ್ನು ಒಂ-ಟಿ-ಕೊ-ಪ್ಪ-ಲ್ ಎಂದು 5 ತುಂಡು ಮಾಡುತ್ತದೆ. ಯೂನಿಕೋಡಿನ ಲೆಕ್ಕದಲ್ಲಿ 11 ಸಂಕೇತ. ಯುಟಿಎಫ್-8ರಲ್ಲಿ 33 ಬೈಟು. ಇಂಗ್ಲಿಷ್ ಲಿಪಿಯಲ್ಲಿ 10ಕ್ಕೇ ಮುಗಿಯುತ್ತದೆ, ‘ವಿ’ಯಿಂದ ಶುರುವಾಗುವ ಬೋರ್ಡುಗಳಲ್ಲಿ 11. ಸ್ವಂತ ಊರಲ್ಲೇ ಕನ್ನಡಕ್ಕೆ ಮೂರು ಪಟ್ಟು ಬಾಡಿಗೆ!

ಪೈಥಾನ್ ಭಾಷೆಯಲ್ಲಿ ‘ರೀ’ ಎಂಬ ಹಗುರ ಲೈಬ್ರರಿಯಿದೆ. ಹೆಂಡತಿ ಗಂಡನನ್ನು ಕರೆಯುವ ದನಿಯಲ್ಲೇ ಕರೆದು, ಅಕ್ಷರಗಳ ಸಾಲು ಹುಡುಕುವ ‘ಡಬ್ಲ್ಯೂ ಪ್ಲಸ್’ ಮಂತ್ರ ಹೇಳಿ, ಪದ ಬಿಡಿಸಿಕೊಡಿ ಎಂದೆವು. ಬಿಡಿಸಿತು: ಒ, ಟ, ಕ, ಪ, ಪಲ. ಇಲ್ಲೂ 5! ಮಗುವಿನ ಲೆಕ್ಕಕ್ಕೆ ತಾಳೆಯಾಯಿತೆಂದು ಹಿಗ್ಗುವಷ್ಟರಲ್ಲಿ ನೋಡಿದರೆ ಸೊನ್ನೆ, ಗುಡಿಸು, ಓತ್ವ ಎಲ್ಲವೂ ಕ್ಷಯ. ಒತ್ತಾಗಿದ್ದ ಪಕಾರ ಪಕ್ಕದ ಲಕಾರದ ಜೊತೆ ಓಡಿಹೋಗಿದೆ. ಈ ಲೈಬ್ರರಿಯ ನ್ಯಾಯದಲ್ಲಿ ಗುಣಿತದ ಚಿಹ್ನೆ ಅಕ್ಷರವಲ್ಲ, ಬರೀ ಗುರುತು. ಗುರುತು ಕಂಡಲ್ಲಿ ಕತ್ತರಿ.

ಖಾಲಿ ಜಾಗದಲ್ಲಷ್ಟೇ ಕತ್ತರಿಸುವ ಇನ್ನೊಂದು ಪಂಥವಿದೆ. ಅದಕ್ಕೆ ‘ಒಂಟಿಕೊಪ್ಪಲಲ್ಲಿಳಿದುಕೊಂಡೆನೆಂದಳಂತೆ’ ಒಂದೇ ಪದ. ಕೇಶಿರಾಜ 13ನೇ ಶತಮಾನದಲ್ಲೇ ಸಂಧಿಯ ಪ್ರಕರಣ ಬರೆದಿಟ್ಟ ಸುದ್ದಿ ಇವರಿಗಿನ್ನೂ ಮುಟ್ಟಿಲ್ಲ. ಅದೇ ಒಂಟಿಕೊಪ್ಪಲಿನ ‘ಉದಯರವಿ’ ಮನೆಯ ಕುವೆಂಪು ಹೆಣೆದ ಸಮಾಸಗಳನ್ನಂತೂ ಇವರ ಕಣ್ಣಿಗೆ ಬೀಳಿಸಬಾರದು.

ಹಗುರ ಲೈಬ್ರರಿ ಹೇಗಿರಬೇಕೆಂದು ನೋಡಲು ಒಂಟಿಕೊಪ್ಪಲ್ ಪಂಚಾಂಗ ಸಾಕು. ಗೋಡೆಯ ಮೊಳೆ ತಾಳುವಷ್ಟು ಹಗುರ. ದಿನವನ್ನು ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಬಿಡಿಸುತ್ತದೆ. ತಿಥಿ ಮುಗಿಯುವುದು ಚಂದ್ರ ಸೂರ್ಯನಿಂದ ಮತ್ತೆ 12 ಡಿಗ್ರಿ ಸರಿದಾಗ, ಗಡಿಯಾರ ಹನ್ನೆರಡು ಹೊಡೆದಾಗಲ್ಲ ಎಂದು ಅದಕ್ಕೆ ಗೊತ್ತು. ಏಕಾದಶಿ ಎರಡು ದಿನಕ್ಕೆ ಚಾಚಿದರೆ ಉಪವಾಸ ಯಾವತ್ತೆಂದು ಮನೆಯವರು ಕಿತ್ತಾಡಬಹುದು, ತಿಥಿಗೇನೂ ಊನವಿಲ್ಲ.

ಆ ಏಕಾದಶಿಯನ್ನೂ ‘ರೀ’ ಮುಂದಿಟ್ಟೆವು. ಬಂದ ಉತ್ತರ: ಏಕ, ದಶ. ಒಂದು, ಹತ್ತು! ಪಾಣಿನಿಯೇ ಮೈಮೇಲೆ ಬಂದನೆಂದು ಕೈಮುಗಿದು, ಆವತ್ತು ಉಪವಾಸ ಮಾಡಿ, ಮರುದಿನ ಪಾರಣೆಗೆ ಮುನ್ನ ದ್ವಾದಶಿಯನ್ನು ಕೊಟ್ಟೆವು.

ದ, ವ, ದಶ.