ಶಿಫ್ಟಿಂಗ್ ವೈರಾಗ್ಯ

ಪುರಾಣ ವೈರಾಗ್ಯ, ಪ್ರಸೂತಿ ವೈರಾಗ್ಯ, ಸ್ಮಶಾನ ವೈರಾಗ್ಯ ಎಂದು ಹಿರಿಯರು ಮೂರನ್ನೇ ಎಣಿಸಿದರು. ಪಾಪ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸುವ ಪ್ರಮೇಯ ಅವರಿಗೆ ಬರಲಿಲ್ಲ. ಬಂದಿದ್ದರೆ ನಾಲ್ಕನೆಯದನ್ನೂ ಸೇರಿಸಿ, ಉದಾಹರಣೆಗೆ ನಮ್ಮ ಭಾವನನ್ನೇ ಕೊಡುತ್ತಿದ್ದರು.

ಭಾವನ ವೈರಾಗ್ಯಕ್ಕೆ ಕಾನೂನಿನ ಬಲವಿದೆ. ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಲೇಬೇಕು. ಆ ತಾಪತ್ರಯವೇ ಬೇಡವೆಂದು ಓನರುಗಳು 11 ತಿಂಗಳಿಗೇ ಅಗ್ರಿಮೆಂಟು ಬರೆಸುತ್ತಾರೆ. ಅಷ್ಟರಲ್ಲಿ ಓನರು ಬಾಡಿಗೆ ಏರಿಸುತ್ತಾರೆ, ಭಾವ ಒಪ್ಪುವುದಿಲ್ಲ. ಹೀಗೆ ಹತ್ತು ತಿಂಗಳು ಸಂಸಾರಿ, ಹನ್ನೊಂದನೆಯ ತಿಂಗಳು ಸನ್ಯಾಸಿ.

ಆ ತಿಂಗಳು ಸಜ್ಜದ ಮೇಲಿನದೆಲ್ಲ ಕೆಳಗಿಳಿಯುತ್ತದೆ. ಗೌರಿಹಬ್ಬದ ಬಾಗಿನದ ಮೊರಗಳು, ಯಾರ್‍ಯಾರದೋ ಗೃಹಪ್ರವೇಶದಲ್ಲಿ ಕೊಟ್ಟ ಸ್ಟೀಲ್ ಬಟ್ಟಲುಗಳು, ಹಿಡಿಯಿಲ್ಲದ ಕುಕ್ಕರು, ಕುಕ್ಕರಿಲ್ಲದ ಗ್ಯಾಸ್ಕೆಟ್ಟು, ಬೈಂಡ್ ಮಾಡಿಸಬೇಕೆಂದು ಕಟ್ಟಿಟ್ಟ ‘ಸುಧಾ’, ‘ತರಂಗ’. ಇವೆಲ್ಲಕ್ಕೂ ಹಿರಿಯಣ್ಣ, 21 ಇಂಚಿನ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ, ಥರ್ಮೊಕೋಲ್ ಸಮೇತ. ‘ಶಿಫ್ಟ್ ಮಾಡೋವಾಗ ಬೇಕಾಗುತ್ತೆ’ ಎಂದು ಇಟ್ಟದ್ದು. ಟಿವಿ ಗುಜರಿಗೆ ಹೋಗಿ ಯುಗವಾಯಿತು. ಪೆಟ್ಟಿಗೆ ಮಾತ್ರ ತಪ್ಪದೆ ಶಿಫ್ಟ್ ಆಗುತ್ತಲೇ ಇದೆ.

“ನೋಡಯ್ಯಾ, ಮನುಷ್ಯನಿಗೆ ಒಂದು ಚಾಪೆ, ಒಂದು ಚೊಂಬು ಸಾಕು” ಎನ್ನುತ್ತಾರೆ ಭಾವ. ಈ ಜ್ಞಾನೋದಯ ಆಗುವುದು ಪ್ಯಾಕರ್ಸ್‌ನವನು ಬಂದು ಸಾಮಾನನ್ನೆಲ್ಲ ಕಣ್ಣಲ್ಲೇ ಅಳೆದು, “ಮೂರನೇ ಫ್ಲೋರಾ? ಲಿಫ್ಟ್ ಇಲ್ವಾ ಸಾರ್?” ಎಂದು ರೇಟು ಹೇಳಿದ ಮೇಲೆ.

ಹಾಗಂತ ಬಿಸಾಡುತ್ತಾರೆಯೇ? ಛೆ! ಗುಜರಿಯವನು ಹೇಳುವ ಬೆಲೆ ಕೇಳಿದರೇ ಅವರಿಗೆ ಅವಮಾನ. ದಾನ ಮಾಡುತ್ತಾರೆ, ನಮಗೆ. ಒರಳುಕಲ್ಲು ನಮ್ಮ ಹಿತ್ತಲಿಗೆ ಬಂತು. ದಿವಾನ್ ಕಾಟ್ ಅವರ ಷಡ್ಡಕನ ಮನೆಗೆ, ಸತ್ತುಹೋದ ಯುಪಿಎಸ್ ಬ್ಯಾಟರಿ ಸೋದರಳಿಯನ ರೂಮಿಗೆ. ಕೊಟ್ಟದ್ದನ್ನು ಮರೆತರೆ ದಾನ, ಭಾವ ಮರೆಯುವುದಿಲ್ಲ. ಹಬ್ಬಕ್ಕೆ ಬಂದವರು ಕಾಫಿಗೂ ಮೊದಲು ಹಿತ್ತಲಿಗೆ ಹೋಗಿ, “ಒರಳಲ್ಲಿ ಮಳೆನೀರು ನಿಂತಿದೆಯಲ್ಲೋ, ತಾತನ ಕಾಲದ ಕಲ್ಲು ಕಣೋ” ಎಂದು ನೊಂದುಕೊಳ್ಳುತ್ತಾರೆ. ಮಾರುವಂತಿಲ್ಲ, ಎಸೆಯುವಂತಿಲ್ಲ. ಅವರು ಹಗುರಾದಷ್ಟೂ ಬಳಗ ಭಾರವಾಗುತ್ತಿದೆ.

ಹೊಸ ಮನೆಯಲ್ಲಿ ಹಾಲುಕ್ಕಿಸಿದ ದಿನ, ಬರಿದಾದ ಹಾಲ್ ತೋರಿಸಿ “ಎಷ್ಟು ನಿರಾಳ ನೋಡು” ಎಂದರು. ಆ ನಿರಾಳ ಭಾನುವಾರದವರೆಗೆ ಬಾಳಿತು. ಅಂದು ಇಎಂಐ ಮೇಲೆ ಸೋಫಾ ಸೆಟ್ಟು ಬಂತು. ಅದು ಬಂದ ಪೆಟ್ಟಿಗೆಗಳು ಸಜ್ಜ ಸೇರಿದವು.

“ಒಂದು ಸ್ವಂತ ಮನೆ ಮಾಡಿಬಿಡಬಾರದೇ?” ಎಂದೆ ಅಕ್ಕನಿಗೆ. “ಬಾಯಿಗೆ ಸಕ್ಕರೆ ಹಾಕಲ್ಲ ನಿನಗೆ” ಎಂದಳು. “ಖಾಲಿ ಮಾಡೋ ಭಯ ಇಲ್ಲದ ಮನೆಯಲ್ಲಿ ಇವರು ಏನೇನು ತುಂಬಿಡ್ತಾರೋ!”

ಈಗಿನ ಅಗ್ರಿಮೆಂಟು ಯುಗಾದಿಗೆ ಮುಗಿಯುತ್ತದೆ. ಸೋಫಾ ನಮ್ಮ ಪಾಲಿಗೆಂದು ಆಗಲೇ ತೀರ್ಮಾನವಾಗಿದೆ. ಅದಕ್ಕೆ ಜಾಗ ಮಾಡಬೇಕು. ಒರಳುಕಲ್ಲು ಬೇಕಾದವರು ದಯವಿಟ್ಟು ತಿಳಿಸಿ. ಸಾಗಿಸುವ ಖರ್ಚು ನಮ್ಮದು. ಭಾವ ಆಗಾಗ ಬಂದು ನೋಡಿಕೊಂಡು ಹೋಗುತ್ತಾರೆ, ಕಾಫಿ ಖರ್ಚು ನಿಮ್ಮದು.