ಶಿಯಾನ್ ಯಾತ್ರಾ ಮೀಮಾಂಸೆ: ಐ.ಡಿ.ಹಳ್ಳಿ ಪಾಠ

ಶಾಸ್ತ್ರಗ್ರಂಥ ಎಂದಮೇಲೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಮಧುಗಿರಿ ತಾಲ್ಲೂಕು ಐ.ಡಿ.ಹಳ್ಳಿಯಿಂದ ಚೀನಾದ ಹಳೇ ರಾಜಧಾನಿ ಶಿಯಾನ್‌ಗೆ, ಅಂದರೆ ಹಿಂದಿನ ಛಾಂಗಾನ್‌ಗೆ, ಹೋಗಿಬರುವ ಯೋಜನೆ. ಪ್ರಯೋಜನ: ಮುಯ್ಯಿ ತೀರಿಸುವುದು. ಅಧಿಕಾರಿ: ಸಂಜೆ ಅರಳಿಕಟ್ಟೆಯ ಮೇಲೆ ಕೂರಲು ಬಿಡುವಿರುವ ಯಾರಾದರೂ ಸರಿ. ಸಂಬಂಧಕ್ಕೆ ಮಾತ್ರ ಸ್ವಲ್ಪ ಭಾಷ್ಯ ಬೇಕು.

7ನೆಯ ಶತಮಾನದಲ್ಲಿ ಹ್ಯೂಯೆನ್ ತ್ಸಾಂಗ್ ಛಾಂಗಾನ್ ಬಿಟ್ಟು ಬಂದು, ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಕಂಡು ಬರೆದು, 645ರಲ್ಲಿ ಊರಿಗೆ ಮರಳಿದ. ಅವರ ಕಡೆಯವರು ಬಂದುಹೋಗಿ ಹದಿಮೂರು ಶತಮಾನ ದಾಟಿದರೂ ನಮ್ಮ ಕಟ್ಟೆಯಿಂದ ಒಬ್ಬರೂ ಅತ್ತ ತಲೆ ಹಾಕಿಲ್ಲ. ಬೀಗರಾಗಿದ್ದರೆ ಇಷ್ಟರಲ್ಲಿ ಮಾತು ಬಿಟ್ಟಿರುತ್ತಿದ್ದರು.

ಪೂರ್ವಪಕ್ಷ: ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ. ಸಮಾಧಾನ: ಹ್ಯೂಯೆನ್ ತ್ಸಾಂಗ್‌ಗೂ ಇರಲಿಲ್ಲ. ಗಡಿ ದಾಟಕೂಡದೆಂದು ರಾಜಾಜ್ಞೆ ಇದ್ದಾಗಲೇ ಆತ ನುಸುಳಿದ್ದು. ಆದರೆ ಈ ಪ್ರಮಾಣವನ್ನು ದೆಹಲಿಯ ಚೀನಾ ರಾಯಭಾರ ಕಚೇರಿಯಲ್ಲಿ ಎತ್ತದಿರುವುದೇ ಕ್ಷೇಮ ಎಂದು ನಿವೃತ್ತ ಮೇಷ್ಟರೊಬ್ಬರ ಟಿಪ್ಪಣಿ.

ಮಾರ್ಗದ ಬಗ್ಗೆ ಎರಡು ಪಂಥಗಳಿವೆ. ಮಧುಗಿರಿ ಮೇಲೆ ಬೆಂಗಳೂರು ಸೇರಬೇಕೆನ್ನುವವರು ಪಶ್ಚಿಮ ಶಾಖೆ. ಹಿಂದೂಪುರದಲ್ಲಿ ರೈಲು ಹತ್ತಬೇಕೆನ್ನುವವರು ಪೂರ್ವ ಶಾಖೆ. ಕಡ್ಲೆಕಾಯಿ ಬಿತ್ತುವಾಗ ಶುರುವಾದ ವಾದ ಗಿಡ ಕೀಳುವ ಹೊತ್ತಿಗೂ ಇತ್ಯರ್ಥವಾಗಲಿಲ್ಲ. ಬೆಂಗಳೂರಿನಿಂದ ಶಿಯಾನ್‌ವರೆಗಿನ ದಾರಿ ಒಂದು ಲೋಟ ಟೀ ಮುಗಿಯುವುದರೊಳಗೆ ತೀರ್ಮಾನವಾಯಿತು.

ಈಗ ಗ್ರಂಥದ ಮುಖ್ಯ ಅಧಿಕರಣ, ಬಾವಿ ಪ್ರಕರಣ. 1974ರ ಮಾರ್ಚ್‌ನಲ್ಲಿ ಶಿಯಾನ್ ಹತ್ತಿರದ ಲಿಂಟಾಂಗ್‌ನಲ್ಲಿ ಬರಕ್ಕೆ ಬೇಸತ್ತ ರೈತರು ಬಾವಿ ತೋಡುತ್ತಿದ್ದರು. ಕೆಲವೇ ಮೀಟರ್ ಇಳಿದಿರಬೇಕು, ಸುಟ್ಟ ಜೇಡಿಮಣ್ಣಿನ ಮನುಷ್ಯರ ಚೂರುಗಳು ಸಿಕ್ಕವು. ಕ್ರಿ.ಪೂ. 210ರಲ್ಲಿ ಸತ್ತ ಚಕ್ರವರ್ತಿ ಚಿನ್ ಷಿ ಹುವಾಂಗ್‌ನ ಕಾವಲಿಗೆ ಹೂತಿಟ್ಟ ಪಡೆ ಅದು. ಸುಮಾರು ಎಂಟು ಸಾವಿರ ಯೋಧರಿರಬಹುದೆಂದು ಅಂದಾಜು. ಈ ಭಾಗ ಓದುತ್ತಿದ್ದಂತೆ ಕಟ್ಟೆಯಲ್ಲಿ ಗಂಭೀರ ಚರ್ಚೆಯಾಯಿತು.

‘ಅದಿರ್ಲಿ ಕಣಣ್ಣ, ನೀರು ಬಂತಾ?’

‘ನೀರೆಲ್ಲಿ ಬಂತಪ್ಪ, ಸೈನ್ಯ ಬಂತು.’

‘ಹಂಗಾದ್ರೆ ಪಾಯಿಂಟ್ ಮಾಡಿದೋನು ಯಾರು? ತೆಂಗಿನಕಾಯಿ ಇಟ್ಕಂಡಿದ್ನಾ, ಬೇವಿನ ಕಡ್ಡಿನಾ?’

ಚೀನಾದ ಪ್ರಾಕ್ತನ ತಜ್ಞರು ಈ ಪ್ರಶ್ನೆಯನ್ನು ಎತ್ತಿಕೊಳ್ಳದೇ ಹೋದದ್ದು ವಿದ್ವತ್ ಲೋಕಕ್ಕೆ ಆದ ನಷ್ಟ. ನಮ್ಮ ಕಡೆ ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್ ಲಾರಿಯವರು ಬಿಳೀ ದೂಳು ಎಬ್ಬಿಸಿ, ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ಒಬ್ಬ ಪೇದೆಯೂ ಎದ್ದು ಬಂದಿಲ್ಲ. ಆ ಯೋಧರಲ್ಲಿ ಒಬ್ಬನ ಮುಖ ಇನ್ನೊಬ್ಬನಿಗಿಲ್ಲವೆಂಬುದನ್ನು ಎಲ್ಲರೂ ಒಪ್ಪಿದರು. ಅಷ್ಟು ಮಂದಿ ಬಹುಪಾಲು ಪೂರ್ವಕ್ಕೇ ಮುಖ ಮಾಡಿ ನಿಂತಿದ್ದಾರೆಂಬುದನ್ನು ಮಾತ್ರ ಪಂಚಾಯ್ತಿಯ ಮಾಜಿ ಸದಸ್ಯರು ಖಡಾಖಂಡಿತವಾಗಿ ತಳ್ಳಿಹಾಕಿದರು.

ದಾಳಿಂಬೆ ಪ್ರಮಾಣವೂ ಒಂದುಂಟು. ಲಿಂಟಾಂಗ್ ದಾಳಿಂಬೆಗೆ ಹೆಸರುವಾಸಿ; ದಾಳಿಂಬೆ ಹೂವು ಶಿಯಾನ್ ನಗರದ ಲಾಂಛನ ಪುಷ್ಪ. ಇತ್ತ ತೋಟಗಾರಿಕೆ ಪುಸ್ತಕಗಳಲ್ಲಿ ‘ಮಧುಗಿರಿ’ ಎಂಬ ದಾಳಿಂಬೆ ತಳಿಯೇ ಇದೆ. ಆದ್ದರಿಂದ ಶಿಯಾನ್ ಮೂಲತಃ ನಮ್ಮ ತಾಲ್ಲೂಕಿನ ಒಂದು ಹೋಬಳಿಯಾಗಿದ್ದು, ಗಡಿ ಗುರುತಿಸುವಾಗ ಕೈತಪ್ಪಿರಬೇಕೆಂಬ ಊಹೆಗೆ ಬಲ ಬರುತ್ತದೆ.

ಸಾಮಾನಿನ ವಿಚಾರ ಚಿಕ್ಕದು. ಹ್ಯೂಯೆನ್ ತ್ಸಾಂಗ್ 657 ಗ್ರಂಥಗಳನ್ನು ಕುದುರೆಗಳ ಮೇಲೆ ಹೇರಿಕೊಂಡು ಹೋದ. ನಮ್ಮದು ರಾಗಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಅಷ್ಟೇ. ಚೀನಾದಲ್ಲಿ ವಾಟ್ಸ್ಆ್ಯಪ್ ನಡೆಯುವುದಿಲ್ಲವೆಂಬ ಸುದ್ದಿ ಬಂದಾಗ ಮಾತ್ರ ಯುವ ವಿದ್ವಾಂಸರು ತತ್ತರಿಸಿದರು. ಸ್ಟೇಟಸ್ ಹಾಕಲಾಗದ ಯಾತ್ರೆಗೆ ಪುಣ್ಯ ಉಂಟೇ ಎಂಬುದು ಇನ್ನೂ ಬಗೆಹರಿಯದ ಸೂತ್ರ.

ಕೊನೆಗೆ ದೇಹದಾರ್ಢ್ಯ. ಶಿಯಾನ್‌ನ ಮಿಂಗ್ ಕಾಲದ ಕೋಟೆಗೋಡೆಯ ಸುತ್ತಳತೆ ಸುಮಾರು 13.7 ಕಿ.ಮೀ.; ಮೇಲೆ ಸೈಕಲ್ ಬಾಡಿಗೆಗೆ ಸಿಗುವಷ್ಟು ಅಗಲ. ಅಭ್ಯಾಸಕ್ಕೆಂದು 3,930 ಅಡಿ ಎತ್ತರದ, ಒಂದೇ ಬಂಡೆಯ ನಮ್ಮ ಮಧುಗಿರಿ ಬೆಟ್ಟ ಹತ್ತುವುದೆಂದು ಗೊತ್ತುವಳಿಯಾಯಿತು. ಇಷ್ಟು ವರ್ಷ ಅದನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡ ತಂಡ ಮೊದಲ ಬಾಗಿಲ ನೆರಳಲ್ಲಿ ಕೂತು, ಬುತ್ತಿ ಬಿಚ್ಚಿ, ಬೆಟ್ಟ ಎಲ್ಲಿಗೂ ಹೋಗುವುದಿಲ್ಲವೆಂಬ ಸಿದ್ಧಾಂತಕ್ಕೆ ಬಂದಿತು.

ಯಾತ್ರೆ ಮಾತ್ರ ರದ್ದಾಗಿಲ್ಲ. ಆಸಕ್ತರು ಆಧಾರ್ ಜೆರಾಕ್ಸ್ ಸಮೇತ ಕಟ್ಟೆಗೆ ಬಂದು ಹೆಸರು ಕೊಡಬಹುದು. ವಿಮಾನದ ಕಿಟಕಿ ಪಕ್ಕದ ಸೀಟುಗಳೆಲ್ಲ ಈಗಾಗಲೇ ಹಂಚಿಕೆಯಾಗಿವೆ, ದಯವಿಟ್ಟು ಕೇಳಬೇಡಿ.