ಡೆಸ್ಕ್‌ಟಾಪ್ ಶೃಂಗಾರ ಮೀಮಾಂಸೆ: ಕುರ್ಲಾ ಪಂಥ

ಸೂತ್ರ: ಯಂತ್ರ ಯಾರದ್ದೇ ಇರಲಿ, ಅದರ ಮುಖ ನಮ್ಮದಿರಬೇಕು.

ಪೂರ್ವಪಕ್ಷ: 1997ರಲ್ಲಿ ಬಂದ ವಿನ್‌ಆಂಪ್ ಎಂಬ ಹಾಡುಪೆಟ್ಟಿಗೆಗೆ ಬಗೆಬಗೆಯ ಸ್ಕಿನ್ ತೊಡಿಸಿದ ಹುಡುಗರೇ ಈ ಶಾಸ್ತ್ರದ ಋಷಿಗಳೆಂದು ಪಾಶ್ಚಾತ್ಯ ಪಂಡಿತರ ವಾದ. 2000ದಲ್ಲಿ ಡೀವಿಯಂಟ್‌ಆರ್ಟ್ ಹುಟ್ಟಿದ್ದೂ ಇಂಥ ಸ್ಕಿನ್ನುಗಳ ಸಂತೆಯಾಗಿಯೇ ಎಂದು ಅವರು ಸಾಕ್ಷಿ ಹೇಳುತ್ತಾರೆ.

ಖಂಡನೆ: ಇದು ಮುಂಬಯಿಯ ಕುರ್ಲಾ ನೋಡದವರ ಮಾತು. ಪ್ರೀಮಿಯರ್ ಕಾರ್ಖಾನೆ ಇದ್ದದ್ದು ಇಲ್ಲಿಯೇ. ಪದ್ಮಿನಿ ಕಾರುಗಳೆಲ್ಲ ಒಂದೇ ಅಚ್ಚಿನಲ್ಲಿ ಹೊರಬಿದ್ದವು. ಕಾಲಿ-ಪೀಲಿ ಟ್ಯಾಕ್ಸಿಗಳಾದ ಮೇಲೆ ಒಂದರಂತೆ ಇನ್ನೊಂದಿಲ್ಲ. ಚಾವಣಿಗೆ ಹೂವಿನ ಹೊದಿಕೆ, ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ, ಸುತ್ತ ಮಿಣುಕುದೀಪ. ವಾಲ್‌ಪೇಪರ್, ಐಕಾನ್, ಸ್ಕ್ರೀನ್‌ಸೇವರ್ ಮೂರೂ ಸಿದ್ಧಿಸಿದವಲ್ಲ! ಗಾಡಿ ಬಾಡಿಗೆಯದು, ಗಣಪತಿ ಸ್ವಂತದ್ದು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನಿವೃತ್ತವಾಯಿತು. ಅಷ್ಟರಲ್ಲಿ ಈ ಶೃಂಗಾರ ವಿದ್ಯೆ ಕುರ್ಲಾದ ಹೋಟೆಲಿನ ಗಲ್ಲಾ ಸೇರಿತ್ತು.

ಪಂಥಭೇದ: 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ಚಾರ್ಲ್ಸ್ ಓರಿಯರ್ 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ಹಸಿರು ಗುಡ್ಡದ ಚಿತ್ರ ಅದರ ವಾಲ್‌ಪೇಪರಾಗಿ ಇಲ್ಲಿನ ಉಡುಪಿ ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರಿನಲ್ಲೂ ಬೆಳಗಿತು. “ದೇವರಿಲ್ಲದ ಗುಡ್ಡೆ ಎಂತಕ್ಕೆ ಮಾರಾಯ?” ಎಂದರು ಧಣಿಗಳು. ಮರುದಿನ ಗುಡ್ಡ ಹೋಗಿ ಕಟೀಲಿನ ಅಮ್ಮ ಬಂದಳು. ಕೂಡಲೇ ಧರ್ಮಸಂಕಟ: ಚಿತ್ರ ಪರದೆಯ ತುಂಬ, ರಿಸೈಕಲ್ ಬಿನ್ ಎಲ್ಲಿಟ್ಟರೂ ಅಮ್ಮನ ಮೇಲೆಯೇ.

ದ್ವೈತಿಗಳು ಹೇಳಿದರು: ಅಮ್ಮ ಬೇರೆ, ಬುಟ್ಟಿ ಬೇರೆ, ಮೂಲೆಗೆ ತಳ್ಳಿ. ಅದ್ವೈತಿಗಳೆಂದರು: ಬುಟ್ಟಿಯೇ ಮಿಥ್ಯೆ, ಹೈಡ್ ಮಾಡಿ. ವಿಶಿಷ್ಟಾದ್ವೈತಿಗಳ ಮತ: ಬುಟ್ಟಿಯೂ ಅಮ್ಮನ ಶರೀರವೇ, ಇದ್ದಲ್ಲೇ ಇರಲಿ. ಬಿಲ್ಲು ಹಾಕುವ ಹುಡುಗ ಯಾರ ಮಾತಿಗೂ ಕಾಯದೆ ಐಕಾನ್‌ಗಳನ್ನೆಲ್ಲ ಅಮ್ಮನ ಸುತ್ತ ಪ್ರಭಾವಳಿಯಾಗಿ ಜೋಡಿಸಿದ. ‘ಆಟೋ ಅರೇಂಜ್’ ಎಂಬ ಅಸುರ ಒಂದೇ ಕ್ಲಿಕ್ಕಿಗೆ ಪ್ರಭಾವಳಿಯನ್ನು ರೇಷನ್ ಅಂಗಡಿಯ ಸಾಲು ಮಾಡಿದ.

ಸಿದ್ಧಾಂತ: ಆ ಹುಡುಗ ಮಲಗುವುದು ಹೋಟೆಲಿನ ಅಟ್ಟದಲ್ಲಿ. ಕ್ಯಾಲೆಂಡರಿಗೆ ಮೊಳೆ ಹೊಡೆಯಲೂ ಅವನದೆಂಬ ಗೋಡೆಯಿಲ್ಲ. ಶಟರ್ ಎಳೆದ ಮೇಲೆ ಅವನು ಪರದೆಗೆ ಹಳೆಯ ಹಸಿರು ಗುಡ್ಡವನ್ನೇ ಮರಳಿ ಹಾಕುತ್ತಾನೆ. ಅದು ಕ್ಯಾಲಿಫೋರ್ನಿಯಾದ್ದೆಂದು ಅವನಿಗೆ ಯಾರೂ ಹೇಳಿಲ್ಲ. ಅವನ ಮಟ್ಟಿಗೆ ಅದು ಕಟೀಲಿನಾಚೆಯ ಗುಡ್ಡೆ, ಇಳಿದರೆ ಮನೆ.

ಫಲಶ್ರುತಿ: ಧಣಿಗಳು ಬರುವ ಮೊದಲು ಅಮ್ಮನನ್ನು ಮತ್ತೆ ಕೂರಿಸಿದವನಿಗೆ ಕೆಲಸ ಸ್ಥಿರವಾಗಿರುತ್ತದೆ.